ನೂರು ಪೃಚ್ಛಕರು, ಒಬ್ಬಳೇ ಅವಧಾನಿ

ಅಷ್ಟಾವಧಾನದ ಸಭೆಯನ್ನು ಕಂಡವರಿಗೆ ಅಪ್ರಸ್ತುತ ಪ್ರಸಂಗಿಯ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾದುದಿಲ್ಲ. ಎಂಟು ಮಂದಿ ಪೃಚ್ಛಕರಲ್ಲಿ ಅವನೂ ಒಬ್ಬ. ಒಬ್ಬರು ಸಮಸ್ಯೆಯ ಸಾಲನ್ನಿತ್ತು ಪದ್ಯವನ್ನು ಪೂರ್ಣಗೊಳಿಸೆನ್ನುತ್ತಾರೆ. ಮತ್ತೊಬ್ಬರು ನಾಲ್ಕು ಪದಗಳನ್ನಿತ್ತು ಅವನ್ನು ಪದ್ಯದೊಳಗೆ ಹೊಂದಿಸೆನ್ನುತ್ತಾರೆ. ಇನ್ನೊಬ್ಬರು ಅವಧಾನಿಯ ನಾಲಗೆಯ ತುದಿಗೆ ಬಂದ ಅಕ್ಷರವನ್ನೇ ನಿಷೇಧಿಸುತ್ತ ಹೋಗುತ್ತಾರೆ. ಇವರ ಪ್ರಶ್ನೆಗಳಿಗೆಲ್ಲ ಒಂದು ಗುರಿಯಿದೆ. ಅಪ್ರಸ್ತುತ ಪ್ರಸಂಗಿಯ ಕೆಲಸವಾದರೋ ಅವಧಾನಿಯ ಮನಸ್ಸನ್ನು ಪದ್ಯದಿಂದಾಚೆಗೆ ಎಳೆಯುವುದು. "ಅವಧಾನಿಗಳೇ, ಈ ರಾತ್ರಿ ಊಟಕ್ಕೆ ಹೋಳಿಗೆಯೋ ಪಾಯಸವೋ?" ಎಂದು ನಡುವೆ ಬಾಯಿ ಹಾಕುತ್ತಾನೆ. ಸಭೆ ನಗುತ್ತದೆ. ಒಳ್ಳೆಯ ಅವಧಾನಿ ಅವನಿಗೊಂದು ಚುರುಕಾದ ಉತ್ತರವನ್ನು ಎಸೆದು, ಅರ್ಧಕ್ಕೆ ನಿಂತ ಪಾದವನ್ನು ಬಿಟ್ಟಲ್ಲಿಂದಲೇ ಎತ್ತಿಕೊಳ್ಳುತ್ತಾನೆ.

ಎಂಟು ಮಂದಿಯಲ್ಲಿ ಅಂಥವನೊಬ್ಬನಿದ್ದರೆ ಸಭೆಗೆ ರುಚಿ. ನೂರು ಮಂದಿಯಲ್ಲಿ ತೊಂಬತ್ತು ಮಂದಿ ಅಂಥವರೇ ಆದರೆ? ಕೃತಕ ಬುದ್ಧಿಮತ್ತೆಯೆಂದರೇನೆಂದು ಕಲಿಯಹೊರಟವರ ಪಾಡು ಇಂದು ಹಾಗಾಗಿದೆ.

ಮಂಗಳೂರಿನ ಕುಲಶೇಖರದಿಂದ ಸ್ಟೇಟ್‌ಬ್ಯಾಂಕಿಗೆ ಹೋಗುವ ಬೆಳಗಿನ ಸಿಟಿ ಬಸ್ಸನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಕಿಟಕಿಯ ಬದಿಯಲ್ಲಿ ಕುಳಿತ ತರುಣಿಯೊಬ್ಬಳನ್ನು ವಾಚಕರು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಲಿ. ಹೆಸರು ಬೇಡ, ಇಂಥವರು ಊರೂರಿನಲ್ಲಿಯೂ ಇದ್ದಾರೆ. ಬಿ.ಕಾಂ. ಮುಗಿಸಿ, ಪೇಟೆಯ ಸಣ್ಣದೊಂದು ಲೆಕ್ಕಪತ್ರದ ಕಚೇರಿಯಲ್ಲಿ ಬಿಲ್ಲುಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ. ಬರುವ ಎಪ್ರಿಲ್‌ನಿಂದ ಬಿಲ್ಲುಗಳನ್ನು ಯಂತ್ರವೇ ಓದುವುದೆಂದು ಮಾಲೀಕರು ಹೇಳಿಬಿಟ್ಟಿದ್ದಾರೆ. ಅವಳನ್ನು ಬಿಡುವೆವೆಂದೂ ಹೇಳಿಲ್ಲ, ಇರಿಸಿಕೊಳ್ಳುವೆವೆಂದೂ ಹೇಳಿಲ್ಲ. ಅಂದಿನಿಂದ ಅವಳು ಕೃತಕ ಬುದ್ಧಿಮತ್ತೆಯನ್ನು ಕಲಿಯುತ್ತಿದ್ದಾಳೆ.

ಹೇಗೆ ಕಲಿಯುತ್ತಿದ್ದಾಳೆ? ಬಿಕರ್ನಕಟ್ಟೆ ಬರುವಷ್ಟರಲ್ಲಿ ಒಂದು ವಿಡಿಯೋ: ಈ ವಾರ ಬಂದ ಹತ್ತು ಹೊಸ ಉಪಕರಣಗಳು. ನಂತೂರಿನಲ್ಲಿ ಇನ್ನೊಂದು: ಕಳೆದ ವಾರದ ಹತ್ತೂ ಹಳೆಯದಾದುವೆಂದು. ಜ್ಯೋತಿ ವೃತ್ತದ ಬಳಿ ಯಾರೋ ಕಳುಹಿಸಿದ ನೂರಿಪ್ಪತ್ತು ಪುಟಗಳ ಕಡತ, 'ಇದನ್ನೋದದವನು ಹಿಂದೆ ಬಿದ್ದ' ಎಂಬ ಶಿರೋನಾಮೆಯೊಂದಿಗೆ. ಹಂಪನಕಟ್ಟೆಯಲ್ಲಿ ಒಂದು ಜಾಹೀರಾತು: ಆರು ತಿಂಗಳ ತರಬೇತಿ, ಶುಲ್ಕವನ್ನು ಕಂತಿನಲ್ಲಿ ಕಟ್ಟಬಹುದು, ಸೀಟುಗಳು ಇಂದೇ ಮುಗಿಯುತ್ತವೆ. ಇಳಿಯುವಾಗ ತಲೆ ಭಾರವಾಗಿರುತ್ತದೆ. ಆದರೆ ಒಳಗೆ ಹೊಕ್ಕುದೇನೆಂದು ಕೇಳಿದರೆ ಹೇಳಲಾರಳು. ಅಮ್ಮನ ಚೀಟಿಯ ಹಣ ಬರುವ ತಿಂಗಳು ಕೈಸೇರಲಿದೆ. ಅದನ್ನು ಆ ತರಬೇತಿಗೆ ಕಟ್ಟಿಬಿಡೋಣವೆಂದು ಮನಸ್ಸು ಹೊಯ್ದಾಡುತ್ತಿದೆ.

ಇವಳು ಸೋಮಾರಿಯಲ್ಲ. ಇವಳ ಕಷ್ಟಕ್ಕೆ ಬುದ್ಧಿಯ ಕೊರತೆ ಕಾರಣವೂ ಅಲ್ಲ. ಮೊರದಲ್ಲಿ ಕೇರಬೇಕಾದುದನ್ನು ಮೊರದ ಸಹಿತ ನುಂಗೆಂದರೆ ಯಾರಿಗೆ ತಾನೆ ಸಾಧ್ಯ?

ಪ್ರವಾಹ ಎಷ್ಟರದೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಅಮೆರಿಕೆಯಲ್ಲಿ 1991ರಲ್ಲಿ ಪಾಲ್ ಗಿನ್ಸ್‌ಪರ್ಗ್ ಎಂಬ ಭೌತವಿಜ್ಞಾನಿ ಆರಂಭಿಸಿದ 'ಆರ್ಕೈವ್' ಎಂಬ ಭಂಡಾರವುಂಟು. ವಿಜ್ಞಾನಿಗಳು ತಮ್ಮ ಪ್ರಬಂಧಗಳನ್ನು ಯಾರು ಬೇಕಾದರೂ ಓದುವಂತೆ ಅಲ್ಲಿ ಇರಿಸುತ್ತಾರೆ. 2024ರಲ್ಲಿ ಅಲ್ಲಿಗೆ ಒಂದೊಂದು ತಿಂಗಳಿಗೆ ಬಂದ ಪ್ರಬಂಧಗಳ ಸಂಖ್ಯೆ ಕೆಲವೊಮ್ಮೆ 20 ಸಾವಿರವನ್ನು ಮೀರಿತು. ಭೌತಶಾಸ್ತ್ರ, ಗಣಿತಗಳೂ ಅದರಲ್ಲಿ ಸೇರಿವೆಯಾದರೂ ಕಂಪ್ಯೂಟರ್ ವಿಜ್ಞಾನದ್ದೇ ದೊಡ್ಡ ಪಾಲು, ಅದರೊಳಗೆ ಕೃತಕ ಬುದ್ಧಿಮತ್ತೆಯದು ಮತ್ತೂ ದೊಡ್ಡದು. ಇವಷ್ಟನ್ನೂ ಓದುವವರು ಭೂಮಿಯ ಮೇಲೆ ಯಾರೂ ಇಲ್ಲ. ಆ ಪ್ರಬಂಧಗಳನ್ನು ಬರೆಯುವವರೂ ಓದುವುದಿಲ್ಲ. ಈ ಒಂದು ಸಂಗತಿ ತಿಳಿದರೆ ಬಸ್ಸಿನ ತರುಣಿಗೆ ಅರ್ಧ ಜ್ವರ ಇಳಿದಂತೆ. ಎಲ್ಲರೂ ಮುಂದೆ ಹೋದರು, ತಾನೊಬ್ಬಳು ಹಿಂದೆ ಉಳಿದೆ ಎಂಬ ಭಯವಿದೆಯಲ್ಲ, ಅದರ ಮೊದಲ ಪಾದವೇ ಸುಳ್ಳು.

ವಿನೋದವೆಂದರೆ, ಈ ರೋಗವನ್ನು ಬಹಳ ಹಿಂದೆಯೇ ಗುರುತಿಸಿ ಹೇಳಿದವನು ಕೃತಕ ಬುದ್ಧಿಮತ್ತೆಯ ಮೂಲಪುರುಷರಲ್ಲಿಯೇ ಒಬ್ಬ. 1956ರ ಬೇಸಗೆಯಲ್ಲಿ ಅಮೆರಿಕೆಯ ಡಾರ್ಟ್‌ಮತ್ ಕಾಲೇಜಿನಲ್ಲಿ ಈ ಶಾಸ್ತ್ರಕ್ಕೆ ಹೆಸರಿಟ್ಟ ಗೋಷ್ಠಿ ನಡೆದಾಗ ಹರ್ಬರ್ಟ್ ಸೈಮನ್ ಅಲ್ಲಿದ್ದ. ಗಣಿತದ ಪ್ರಮೇಯಗಳನ್ನು ಸಾಧಿಸಿ ತೋರಿಸುವ ಕಾರ್ಯಕ್ರಮವೊಂದನ್ನು ಅವನೂ ಅವನ ಸಂಗಡಿಗ ಆಲನ್ ನ್ಯೂವೆಲನೂ ಆ ಹೊತ್ತಿಗೆ ಕಂಪ್ಯೂಟರಿಗಾಗಿ ಹೊಸೆದಿದ್ದರು. ಅದೇ ಸೈಮನ್ 1971ರಲ್ಲಿ ಪ್ರಕಟವಾದ ಒಂದು ಲೇಖನದಲ್ಲಿ ಅರ್ಥಶಾಸ್ತ್ರಜ್ಞನ ಕಣ್ಣಿನಿಂದ ಲೆಕ್ಕ ಹಾಕಿದ: ಮಾಹಿತಿಯು ಏನನ್ನು ತಿನ್ನುತ್ತದೆ? ಓದುವವನ ಅವಧಾನವನ್ನು ತಿನ್ನುತ್ತದೆ. ಒಂದು ಹೆಚ್ಚಿದಷ್ಟೂ ಇನ್ನೊಂದು ಬಡವಾಗುತ್ತದೆ. ಆದುದರಿಂದ ಹಂಚಿ ಬಳಸಬೇಕಾದ ವಿರಳ ಪದಾರ್ಥ ಮಾಹಿತಿಯಲ್ಲ, ಅವಧಾನ. 1978ರಲ್ಲಿ ಅವನಿಗೆ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಬಂತು.

ಅದೇ ಸೈಮನ್ನನಿಂದ ಇನ್ನೊಂದು ಪಾಠವನ್ನೂ ಕಲಿಯಬಹುದು. ಇದು ಅವನು ಕಲಿಸಬೇಕೆಂದು ಕಲಿಸಿದ್ದಲ್ಲ. ಹತ್ತು ವರ್ಷದೊಳಗೆ ಕಂಪ್ಯೂಟರು ಚದುರಂಗದಲ್ಲಿ ವಿಶ್ವವಿಜೇತನಾಗುವುದೆಂದು 1958ರಲ್ಲಿ ಅವನೂ ನ್ಯೂವೆಲನೂ ಬರೆದರು. ಕಾಸ್ಪರೋವನನ್ನು 'ಡೀಪ್ ಬ್ಲೂ' ಎಂಬ ಯಂತ್ರ ಪಂದ್ಯದಲ್ಲಿ ಸೋಲಿಸಿದ್ದು 1997ರಲ್ಲಿ. ಹತ್ತು ಎಂದದ್ದು ಮೂವತ್ತೊಂಬತ್ತಾಯಿತು. ಆಗುವುದೇನೆಂಬುದನ್ನು ಸರಿಯಾಗಿ ಕಂಡಿದ್ದ, ಯಾವಾಗ ಆಗುವುದೆಂಬುದನ್ನು ಕಾಣಲಿಲ್ಲ. ಅಂಥವನ ಭವಿಷ್ಯವೇ ಹೀಗಾದರೆ, ಮೊಬೈಲಿನೊಳಗೆ ಕುಳಿತು ಬರುವ ವರ್ಷದ ಗ್ರಹಗತಿ ಹೇಳುವವರ ಮಾತನ್ನು ಬಿಟ್ಟು ಮುಂದೆ ಹೋದರೆ ನಷ್ಟವೇನೂ ಇಲ್ಲ. ಭವಿಷ್ಯವಾಣಿಗಳನ್ನು ಓದದಿರುವುದರಿಂದಲೇ ದಿನಕ್ಕೆ ಅರ್ಧ ಗಂಟೆ ಉಳಿಯಬಹುದು.

ಬಿಡಬೇಕಾದುದು ಗೊತ್ತಾಯಿತು. ಹಿಡಿಯಬೇಕಾದುದು ಯಾವುದು?

ಇದಕ್ಕೆ ಉತ್ತರ ಹುಡುಕಲು ಅಮೆರಿಕೆಗೆ ಹೋಗಬೇಕಾಗಿಲ್ಲ. ಅವಳ ಬಸ್ಸು ಹಂಪನಕಟ್ಟೆಯಲ್ಲಿ ನಿಂತಾಗ ಕಾಣುವ ಕೆಂಪು ಕಟ್ಟಡದತ್ತ ತಿರುಗಿ ನೋಡಿದರೆ ಸಾಕು. ಇಂದು ವಿಶ್ವವಿದ್ಯಾನಿಲಯ ಕಾಲೇಜು ಎಂದು ಕರೆಸಿಕೊಳ್ಳುವ ಆ ಸಂಸ್ಥೆ ಹಿಂದೆ ಸರಕಾರಿ ಕಾಲೇಜಾಗಿತ್ತು. 1917ರಲ್ಲಿ ಅಲ್ಲಿಗೆ ಗಣಿತ ಕಲಿಸಲು ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ ಹುಟ್ಟಿದ ಇಪ್ಪತ್ತೈದು ವರ್ಷದ ತರುಣರೊಬ್ಬರು ಬಂದರು. ಹೆಸರು ಶಿಯಾಳಿ ರಾಮಾಮೃತ ರಂಗನಾಥನ್. ಮುಂದೆ ಭಾರತದ ಗ್ರಂಥಾಲಯ ಶಾಸ್ತ್ರದ ಪಿತಾಮಹರೆನಿಸಿದವರು ಇವರೇ.

ಗ್ರಂಥಾಲಯದ ಮೇಲೆ ಅವರಿಗೆ ಆಗ ವಿಶೇಷ ಒಲವೇನೂ ಇದ್ದಂತೆ ಕಾಣುವುದಿಲ್ಲ. 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾಗಿ ನೇಮಕಗೊಂಡ ಹೊಸತರಲ್ಲಿ, ಆ ಏಕಾಂತವನ್ನು ಸಹಿಸಲಾರದೆ ಪಾಠ ಹೇಳುವ ಕೆಲಸಕ್ಕೇ ಮರಳಲು ಅಪೇಕ್ಷಿಸಿದರೆಂದು ಹೇಳುತ್ತಾರೆ. ಲಂಡನ್ನಿಗೆ ಹೋಗಿ ಅಭ್ಯಾಸ ಮಾಡಿ ಬಾ, ಆಮೇಲೆ ನೋಡೋಣ ಎಂದು ಅವರನ್ನು ಕಳುಹಿಸಿದರು. ಅಲ್ಲಿ ಅವರು ಗ್ರಂಥಾಲಯಗಳನ್ನು ಕಂಡರು. ಒಂದು ದೊಡ್ಡ ಅಂಗಡಿಯಲ್ಲಿ ಆಟಿಕೆಯೊಂದನ್ನೂ ಕಂಡರು. ಮೆಕ್ಯಾನೋ ಎಂಬ ಆ ಆಟಿಕೆಯಲ್ಲಿರುವುದು ತೂತು ಕೊರೆದ ಕೆಲವು ಲೋಹದ ಪಟ್ಟಿಗಳು, ತಿರುಪುಗಳು, ಗಾಲಿಗಳು. ಅವನ್ನೇ ಬೇರೆ ಬೇರೆಯಾಗಿ ಜೋಡಿಸಿದರೆ ಒಮ್ಮೆ ಸೇತುವೆ, ಒಮ್ಮೆ ಕ್ರೇನು, ಒಮ್ಮೆ ಬಂಡಿ. ಗಣಿತದ ಮೇಷ್ಟರಿಗೆ ಹೊಳೆಯಿತು: ಪುಸ್ತಕಗಳು ಲೆಕ್ಕವಿಲ್ಲದಷ್ಟಿರಬಹುದು, ಆದರೆ ಅವುಗಳ ವಿಷಯವನ್ನು ಕಟ್ಟುವ ತುಂಡುಗಳು ಕೆಲವೇ.

ಈ ಹೊಳಹಿನಿಂದ ಬೆಳೆದದ್ದು 1933ರಲ್ಲಿ ಪ್ರಕಟವಾದ 'ಕೋಲನ್' ವರ್ಗೀಕರಣ ಪದ್ಧತಿ. ಯಾವ ವಿಷಯವನ್ನಾದರೂ ಐದು ಮುಖಗಳಿಂದ ನೋಡಬಹುದೆಂಬುದು ಅವರು ಮುಂದೆ ಬೆಳೆಸಿದ ವಿಚಾರ. ವಿಷಯದ ತಿರುಳು ಯಾವುದು, ಅದು ಯಾವ ದ್ರವ್ಯದಿಂದಾದದ್ದು, ಅಲ್ಲಿ ನಡೆಯುವ ಕ್ರಿಯೆ ಏನು, ಯಾವ ದೇಶದಲ್ಲಿ, ಯಾವ ಕಾಲದಲ್ಲಿ. ಅದಕ್ಕೆ ಮೊದಲೇ, 1931ರಲ್ಲಿ, ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳ ಪುಸ್ತಕವನ್ನು ಬರೆದಿದ್ದರು. ಅವುಗಳಲ್ಲಿ ನಾಲ್ಕನೆಯದು ಓದುಗನ ಕಾಲವನ್ನು ಉಳಿಸಬೇಕೆಂದು ಹೇಳುತ್ತದೆ. ಗ್ರಂಥಗಳನ್ನು ಕಾಯುವವನ ಕರ್ತವ್ಯಗಳಲ್ಲಿ ಓದುಗನ ಗಡಿಯಾರವನ್ನೂ ಸೇರಿಸಿದ್ದು ಸಣ್ಣ ಮಾತಲ್ಲ. ಮುಂದೆ ಅವರು ಬೆಂಗಳೂರಿನಲ್ಲಿ ನೆಲೆಸಿ, 1962ರಲ್ಲಿ ಅಲ್ಲಿ ಪ್ರಲೇಖನದ ಸಂಶೋಧನೆಗಾಗಿ ಒಂದು ಕೇಂದ್ರವನ್ನು ಸ್ಥಾಪಿಸಿದರು. 1972ರಲ್ಲಿ ಅಲ್ಲಿಯೇ ತೀರಿಕೊಂಡರು.

ರಂಗನಾಥನ್ನರು ಐದು ಮುಖಗಳನ್ನು ಹೇಳಿದ್ದು ಪುಸ್ತಕಗಳಿಗೆ. ಮೊಬೈಲಿಗೆ ಬಂದು ಬೀಳುವ ಸುದ್ದಿಗೆ ಅವನ್ನು ಅನ್ವಯಿಸಿ ನೋಡಿದರೆ ಅವರ ಆತ್ಮ ಮುನಿಯಲಾರದು. 'ಬಿಲ್ಲುಗಳನ್ನು ಮನುಷ್ಯನಿಗಿಂತ ಚೆನ್ನಾಗಿ ಓದುವ ಯಂತ್ರ ಬಂತು' ಎಂದು ಒಂದು ಸುದ್ದಿ ಬಂತೆನ್ನೋಣ. ತಿರುಳು ಯಾವುದು: ಯಂತ್ರವೆಂದರೆ ಯಾವ ಯಂತ್ರ, ಮಾಡಿದವರಾರು? ದ್ರವ್ಯ ಯಾವುದು: ಯಾವ ಬಗೆಯ ಬಿಲ್ಲುಗಳನ್ನು ತೋರಿಸಿ ಅದಕ್ಕೆ ಕಲಿಸಿದರು, ಅಚ್ಚಾದವೋ ಕೈಬರಹದವೋ, ಇಂಗ್ಲಿಷಿನವೋ ಕನ್ನಡದವೋ? ಕ್ರಿಯೆ ಏನು: ಅಕ್ಷರವನ್ನು ಗುರುತಿಸಿತೋ, ಮೊತ್ತವನ್ನು ಹೆಕ್ಕಿತೋ, ಖಾತೆಗೆ ಹಚ್ಚಿತೋ? ದೇಶ ಯಾವುದು: ಪ್ರಯೋಗಶಾಲೆಯೋ, ಬಂದರಿನ ಸಗಟು ಅಂಗಡಿಯೋ? ಕಾಲ ಯಾವುದು: ಪರೀಕ್ಷೆ ನಡೆದದ್ದು ಯಾವಾಗ, ಒಮ್ಮೆಯೋ ವರ್ಷವಿಡೀಯೋ? ಐದರಲ್ಲಿ ಮೂರಕ್ಕೆ ಉತ್ತರ ಕೊಡಲಾರದ ಸುದ್ದಿ ಅಪ್ರಸ್ತುತ ಪ್ರಸಂಗ. ನಕ್ಕು ಮುಂದೆ ಸಾಗಬಹುದು. ಪ್ರಯತ್ನಿಸಿ ನೋಡಿದವರಿಗೆ, ಹತ್ತರಲ್ಲಿ ಎಷ್ಟು ಉಳಿದವೆಂದು ಕಂಡು ಆಶ್ಚರ್ಯವಾದೀತು.

ಕುಲಶೇಖರದವರಿಗೆ ಈ ಪರೀಕ್ಷೆಯ ತತ್ತ್ವ ಹೊಸದಲ್ಲ. ದಕ್ಷಿಣ ಕನ್ನಡ ಸಹಕಾರಿ ಹಾಲು ಉತ್ಪಾದಕರ ಒಕ್ಕೂಟದ ಡೇರಿ ಇರುವುದು ಅವರ ಊರಿನಲ್ಲಿಯೇ. ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳ ಹಳ್ಳಿಗಳಿಂದ ಹಾಲು ಒಕ್ಕೂಟವನ್ನು ಸೇರುತ್ತದೆ. ಆದರೆ ತಂದ ಹಾಲನ್ನು ತಂದಂತೆಯೇ ಯಾರೂ ಟ್ಯಾಂಕಿಗೆ ಸುರಿಯುವುದಿಲ್ಲ. ಹಳ್ಳಿಯ ಹಾಲಿನ ಸೊಸೈಟಿಯಲ್ಲಿಯೇ ಮಾದರಿ ತೆಗೆದು, ಜಿಡ್ಡಿನ ಅಂಶವೆಷ್ಟು, ನೀರು ಬೆರೆತಿದೆಯೇ ಎಂದು ನೋಡಿ, ಬರೆದುಕೊಂಡು, ಆಮೇಲೆ ಸೇರಿಸುವುದು. ಕೆಟ್ಟ ಹಾಲು ಒಮ್ಮೆ ಟ್ಯಾಂಕಿನಲ್ಲಿ ಬೆರೆತ ಮೇಲೆ ಯಾವ ಮನೆಯದೆಂದು ಹುಡುಕಿ ತೆಗೆಯುವುದು ಆಗದ ಮಾತು. ತಲೆಯೂ ಅಂಥದೇ ಟ್ಯಾಂಕು.

ಸೋಸುವುದೇನೋ ಸರಿ, ತುಂಬುವುದೇನನ್ನು? ಇಲ್ಲಿ ಒಂದು ಸಮಾಧಾನದ ಸಂಗತಿಯುಂಟು. ಉಪಕರಣಗಳು ವಾರಕ್ಕೊಂದು ಹುಟ್ಟುತ್ತಿದ್ದರೂ ಈ ಶಾಸ್ತ್ರದ ಮೈಲಿಗಲ್ಲುಗಳು ಬಹಳವಿಲ್ಲ. ಯಂತ್ರವು ಯೋಚಿಸಬಲ್ಲುದೇ ಎಂಬ ಪ್ರಶ್ನೆಯನ್ನು ಪರೀಕ್ಷೆಗೆ ಒಡ್ಡುವ ಬಗೆಯನ್ನು ಆಲನ್ ಟ್ಯೂರಿಂಗ್ 1950ರಲ್ಲಿ ಸೂಚಿಸಿದ. 1958ರಲ್ಲಿ ಫ್ರ್ಯಾಂಕ್ ರೋಸೆನ್‌ಬ್ಲಾಟ್ ನರಕೋಶವನ್ನು ಹೋಲುವ ಕಲಿಕೆಯ ಮಾದರಿಯೊಂದನ್ನು ಪ್ರಕಟಿಸಿದ. ಅಂಥ ಅನೇಕ ಕೋಶಗಳನ್ನು ಪದರಪದರವಾಗಿ ಜೋಡಿಸಿ, ಕೊನೆಯಲ್ಲಿ ಕಂಡ ತಪ್ಪನ್ನು ಹಿಂದಕ್ಕೆ ಹಂಚುತ್ತ ತಿದ್ದಿಕೊಳ್ಳುವ ವಿಧಾನವನ್ನು 1986ರಲ್ಲಿ ಹಿಂಟನ್ ಮೊದಲಾದ ಮೂವರು ಜನಪ್ರಿಯಗೊಳಿಸಿದರು. 2012ರಲ್ಲಿ ಚಿತ್ರಗಳನ್ನು ಗುರುತಿಸುವ ಸ್ಪರ್ಧೆಯಲ್ಲಿ ಆ ವಿಧಾನ ಉಳಿದವರನ್ನೆಲ್ಲ ಬಹು ದೂರ ಹಿಂದೆ ಹಾಕಿತು. 2017ರಲ್ಲಿ ಎಂಟು ಮಂದಿ ಸೇರಿ ಬರೆದ ಪ್ರಬಂಧದಿಂದ ಇಂದಿನ ಭಾಷಾಯಂತ್ರಗಳ ವಂಶ ಆರಂಭವಾಯಿತು. ಭಾರತದಲ್ಲಿ ಇಂಜಿನಿಯರಿಂಗ್ ಓದಿ ಹೋದ ಆಶೀಷ್ ವಾಸ್ವಾನಿ, ನಿಕಿ ಪಾರ್ಮರ್ ಆ ಎಂಟು ಮಂದಿಯೊಳಗಿನವರು. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಸಾರ್ವಜನಿಕರ ಕೈಗೆ ಬಂತು. ಇವಿಷ್ಟನ್ನು ಒಂದು ಅಂಚೆ ಕಾರ್ಡಿನಲ್ಲಿ ಬರೆದಿಡಬಹುದು.

2017ರ ಆ ಪ್ರಬಂಧದ ಮುಖ್ಯ ಕಲ್ಪನೆಗೆ ಇರುವ ಹೆಸರೇ ಅವಧಾನ. 'ಅವಳು ಹಸುವಿಗೆ ಹುಲ್ಲು ಹಾಕಿದಳು, ಏಕೆಂದರೆ ಅದು ಹಸಿದಿತ್ತು' ಎಂಬ ವಾಕ್ಯದಲ್ಲಿ 'ಅದು' ಎಂದರೆ ಹಸುವೇ ಹುಲ್ಲೇ? ಓದುವ ಮಗುವಿಗೂ ಸಂಶಯವಿಲ್ಲ. ಯಂತ್ರವಾದರೋ ವಾಕ್ಯದ ಪ್ರತಿಯೊಂದು ಪದಕ್ಕೂ ಉಳಿದ ಪದಗಳೊಡನೆ ಇರುವ ನಂಟನ್ನು ಒಂದೊಂದು ಸಂಖ್ಯೆಯಿಂದ ತೂಗುತ್ತದೆ. 'ಅದು' ಎಂಬಲ್ಲಿಗೆ ಬಂದಾಗ ಹಸುವಿಗೆ ಹೆಚ್ಚು ತೂಕ, ಹುಲ್ಲಿಗೆ ಕಡಿಮೆ. ಹೀಗೆ ತೂಗಿ, ಮುಂದೆ ಬರುವ ಪದ ಯಾವುದಿರಬಹುದೆಂದು ಅಂದಾಜು ಮಾಡುತ್ತದೆ. ಎಲ್ಲಕ್ಕೂ ಸಮನಾದ ತೂಕ ಕೊಟ್ಟಿದ್ದರೆ ಯಂತ್ರಕ್ಕೂ ಭಾಷೆ ಒಲಿಯುತ್ತಿರಲಿಲ್ಲ. ಅದನ್ನು ಕಲಿಯಲು ಹೊರಟ ಮನುಷ್ಯರು ಮಾತ್ರ ಎಲ್ಲ ವಿಡಿಯೋಗಳಿಗೂ ಒಂದೇ ತೂಕ ಕೊಡುತ್ತಾರೆ!

ಮುಂದಿನ ಪದವನ್ನು ಅಂದಾಜು ಮಾಡುವುದೆಂಬ ಈ ಒಂದು ಮಾತನ್ನು ಭದ್ರವಾಗಿ ಹಿಡಿದವರಿಗೆ ಅನೇಕ ಬೆರಗುಗಳು ತಾವಾಗಿ ಬಿಡಿಸಿಕೊಳ್ಳುತ್ತವೆ. ಯಂತ್ರವು ಸುಳ್ಳನ್ನೂ ನಿಜವನ್ನೂ ಒಂದೇ ಗಾಂಭೀರ್ಯದಿಂದ ಹೇಳುವುದೇಕೆ? ಅದು ಹುಡುಕುವುದು ಸಂಭವನೀಯವಾದುದನ್ನು, ಸಂಭವನೀಯವಾದುದೆಲ್ಲ ಸತ್ಯವಲ್ಲ. ಕುಲಶೇಖರದ ಕೊರ್ಡೆಲ್ ಇಗರ್ಜಿ ಸ್ಥಾಪನೆಯಾದುದು 1873ರಲ್ಲಿ. ಯಂತ್ರವನ್ನು ಕೇಳಿದರೆ ಅದನ್ನೇ ಹೇಳಬಹುದು, 1863 ಎಂದೂ ಹೇಳಬಹುದು. ದನಿಯಲ್ಲಿ ಎಳ್ಳಷ್ಟೂ ವ್ಯತ್ಯಾಸವಿರುವುದಿಲ್ಲ. ಊರಿನ ಹಿರಿಯರಾದರೆ ಸಂಶಯ ಬಂದಾಗ ತಲೆಯನ್ನಾದರೂ ಕೆರೆದುಕೊಂಡಾರು.

ಬಸ್ಸಿನ ತರುಣಿಗೆ ಇದನ್ನೆಲ್ಲ ಯಾರು ಹೇಳಬೇಕು? ಅವಳ ಮನೆಯ ಹಿಂದಿನ ಓಣಿಯಲ್ಲಿ ಗಣಿತ ಕಲಿಸಿ ನಿವೃತ್ತರಾದ ಮಾಷ್ಟ್ರೊಬ್ಬರಿದ್ದಾರೆಂದು ಕಥೆಯನ್ನು ಮುಂದುವರಿಸೋಣ. ಒಂದು ಭಾನುವಾರ ಅವರ ಚಾವಡಿಯಲ್ಲಿ ಕುಳಿತು ಅವಳು ಮೊಬೈಲಿನಲ್ಲಿ ಕೂಡಿಟ್ಟುದನ್ನೆಲ್ಲ ತೋರಿಸುತ್ತಾಳೆ. ಆಮೇಲೆ ನೋಡೋಣವೆಂದು ಉಳಿಸಿದ ವಿಡಿಯೋಗಳೇ ಅರವತ್ತಕ್ಕೂ ಮಿಕ್ಕಿವೆ.

"ಮಾಷ್ಟ್ರೇ, ಎಲ್ಲಿಂದ ಆರಂಭಿಸುವುದೆಂದೇ ತಿಳಿಯುವುದಿಲ್ಲ. ಒಂದನ್ನು ಹಿಡಿದರೆ ಅದು ಹಳೆಯದಾಯಿತೆನ್ನುತ್ತಾರೆ."

"ಯಾರು ಹೇಳುವುದು?"

"ಎಲ್ಲರೂ."

"ಎಲ್ಲರೂ ಅಲ್ಲಿರಲಿ ಮಗಾ. ನಾಳೆ ಆ ಯಂತ್ರ ನಿನ್ನ ಮೇಜಿನ ಮೇಲೆ ಬಂದು ಕುಳಿತಿತೆಂದು ಇಟ್ಟುಕೋ. ನೀನು ಮೊದಲು ನೋಡುವುದೇನನ್ನು?"

ಅವಳು ತುಸು ಹೊತ್ತು ಸುಮ್ಮನಿದ್ದು ಹೇಳುತ್ತಾಳೆ: "ಬಿಲ್ಲನ್ನು ಸರಿಯಾಗಿ ಓದಿದೆಯೋ ಇಲ್ಲವೋ ಎಂದು."

"ಹಾಗಾದರೆ ಅಲ್ಲಿಂದಲೇ ಆರಂಭಿಸು. ಉಳಿದದ್ದು ಸದ್ಯಕ್ಕೆ ನಿನಗೆ ಬೇಡ."

ಮಾಷ್ಟ್ರು ಹೇಳಿದ ಈ ಮಾತಿನಲ್ಲಿ ಹೊಸದೇನಿದೆ ಎನ್ನಬಹುದು. ಇಷ್ಟು ದಿನವೂ ಅವಳು ಕೃತಕ ಬುದ್ಧಿಮತ್ತೆಯನ್ನು ಕಲಿಯಹೊರಟಿದ್ದಳು, ಅದಕ್ಕೆ ದಡವಿಲ್ಲ. ಈಗ ಅವಳ ಕೈಯಲ್ಲಿ ತನ್ನದೇ ಆದ ಒಂದು ಪ್ರಶ್ನೆಯಿದೆ. ಬಿಲ್ಲು ಓದುವ ಯಂತ್ರ ಎಲ್ಲಿ ತಪ್ಪುತ್ತದೆ? ಅರವತ್ತು ವಿಡಿಯೋಗಳನ್ನು ಈ ಪ್ರಶ್ನೆಯ ಜರಡಿಗೆ ಹಾಕಿದರೆ ಉಳಿಯುವುದು ಮೂರೋ ನಾಲ್ಕೋ. ಓದಬೇಕಾದುದನ್ನು ಲೋಕವು ನಿರ್ಧರಿಸುತ್ತಿರುವವರೆಗೆ ಹೊರೆ ಇಳಿಯದು. ತನ್ನ ಕೆಲಸವೇ ನಿರ್ಧರಿಸಲಾರಂಭಿಸಿದ ದಿನ, ಓದದೆ ಬಿಟ್ಟುದರ ಬಗ್ಗೆ ಪಶ್ಚಾತ್ತಾಪವೂ ಹೋಗುತ್ತದೆ.

ಪ್ರಶ್ನೆ ದೊರೆತರೆ ಹೊಣೆಯೂ ಹುಟ್ಟುತ್ತದೆ. ಅವಳ ಕಚೇರಿಗೆ ಬರುವ ಬಿಲ್ಲಿನಲ್ಲಿ ಜಿಎಸ್‌ಟಿಯ ನೋಂದಣಿ ಸಂಖ್ಯೆಯಿರುತ್ತದೆ. ಅದರಲ್ಲಿ ಹದಿನೈದು ಅಕ್ಷರ ಮತ್ತು ಅಂಕಿಗಳು. ಮೊದಲಿನ ಎರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ಅನಂತರದ ಹತ್ತು, ವ್ಯಾಪಾರಿಯ ಪ್ಯಾನ್ ಸಂಖ್ಯೆ. ಕಟ್ಟಕಡೆಯದು ಹಿಂದಿನ ಹದಿನಾಲ್ಕರಿಂದ ಲೆಕ್ಕ ಹಾಕಿ ಬಂದ ಪರೀಕ್ಷಾ ಚಿಹ್ನೆ. ಯಂತ್ರವು ನಡುವಿನ ಒಂದು 8ನ್ನು 3 ಎಂದು ಓದಿದರೆ ಕೊನೆಯ ಚಿಹ್ನೆಯೊಡನೆ ಲೆಕ್ಕ ಕೂಡಿಬರುವುದಿಲ್ಲ. ತಪ್ಪು ತಾನೇ ಕೂಗಿ ಹೇಳುತ್ತದೆ. ಮೊತ್ತದ ಅಂಕಿಗೆ ಇಂಥ ಕಾವಲಿಲ್ಲ. ಆದರೆ ಸರಕಿನ ಬೆಲೆ, ಕೇಂದ್ರದ ತೆರಿಗೆ, ರಾಜ್ಯದ ತೆರಿಗೆ ಸೇರಿ ಒಟ್ಟು ಮೊತ್ತವಾಗಬೇಕಷ್ಟೆ; ಕೂಡಿ ನೋಡಿದರೆ ಅಲ್ಲಿಯೂ ಹಿಡಿಯಬಹುದು. ತಾರೀಕಿಗೆ ಯಾವ ಕಾವಲೂ ಇಲ್ಲ. 1ನೆಯ ತಾರೀಕನ್ನು 7 ಎಂದು ಓದಿದರೆ ಯಾವ ಲೆಕ್ಕವೂ ಅದನ್ನು ತೋರಿಸಿಕೊಡದು, ಕಣ್ಣೇ ನೋಡಬೇಕು. ಯಂತ್ರ ಬಂದ ಮೇಲೆ ಮನುಷ್ಯನ ಕಣ್ಣು ಎಲ್ಲಿ ಬೇಕೆಂಬುದು ಹೀಗೆ ಒಂದೊಂದಾಗಿ ತೆರೆದುಕೊಳ್ಳುತ್ತದೆ. ಎಪ್ರಿಲ್‌ನಲ್ಲಿ ಮಾಲೀಕರ ಮುಂದೆ ನಿಲ್ಲುವಾಗ ಅವಳ ಬಳಿ ಹೇಳಲು ಇದಿರುತ್ತದೆ. ತರಬೇತಿಯ ಪ್ರಮಾಣಪತ್ರ ಹೇಳುವುದಕ್ಕಿಂತ ಇದು ಹೆಚ್ಚು.

ಬುನಾದಿಯ ಗಣಿತ ಬೇಡವೆಂದಲ್ಲ. ಯಂತ್ರದ ಒಳಗಿರುವುದು ಮುಖ್ಯವಾಗಿ ಮಾತೃಕೆಗಳು, ಅವಕಲನ, ಸಂಭವನೀಯತೆ. ತಮ್ಮನ ದ್ವಿತೀಯ ಪಿಯುಸಿ ಗಣಿತದ ಪುಸ್ತಕದಲ್ಲಿ ಈ ಮೂರೂ ಇವೆ. ಮಾಷ್ಟ್ರ ಚಾವಡಿಯಲ್ಲಿ ಹೇಳಿಕೊಡುವವರೂ ಇದ್ದಾರೆ. ಮುಂದಕ್ಕೆ ಬೇಕಾದರೆ ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟೆಲ್‌ನ ಪಾಠಗಳನ್ನು ಬಿಟ್ಟಿಯಾಗಿ ಕೇಳಬಹುದು. ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆಯಬೇಕೆನ್ನುವವರು ಮಾತ್ರ ಶುಲ್ಕ ಕಟ್ಟುವುದು. ಎಂಟೋ ಹನ್ನೆರಡೋ ವಾರಗಳ ಒಂದೇ ಪಾಠಮಾಲೆಯನ್ನು ಹಿಡಿದು ಕೊನೆ ಮುಟ್ಟಿಸುವುದು ಎಂಟು ಪಾಠಮಾಲೆಗಳ ಮೊದಲ ಪಾಠವನ್ನು ಕೇಳುವುದಕ್ಕಿಂತ ಮೇಲು. ಇಷ್ಟಾದ ಮೇಲೂ ದುಡ್ಡು ಕೊಟ್ಟು ಕಲಿಯಬೇಕೆನಿಸಿದರೆ ಕಲಿಯಲಿ. ಆದರೆ ಸೀಟು ಇಂದೇ ಮುಗಿಯುವುದೆಂಬ ಜಾಹೀರಾತಿಗಾಗಿ ಅಮ್ಮನ ಚೀಟಿಯ ಹಣವನ್ನು ಕೊಡತಕ್ಕದ್ದಲ್ಲ. ಆ ಸೀಟು ನಾಳೆಯೂ ಇರುತ್ತದೆ, ನಾಡಿದ್ದೂ ಇರುತ್ತದೆ.

ಇನ್ನೊಂದು ಅಭ್ಯಾಸವನ್ನೂ ಮಾಷ್ಟ್ರು ಹಚ್ಚಿದರೆನ್ನೋಣ: ವಾರಕ್ಕೊಮ್ಮೆ, ಕಲಿತದ್ದನ್ನು ಅಮ್ಮನಿಗೆ ಅರ್ಥವಾಗುವ ಹಾಗೆ ಒಂದು ಪುಟ ಕನ್ನಡದಲ್ಲಿ ಬರೆಯುವುದು. ಇಂಗ್ಲಿಷಿನ ಪಾರಿಭಾಷಿಕ ಪದಗಳನ್ನು ಇದ್ದಂತೆಯೇ ಸಾಲಾಗಿ ಜೋಡಿಸಿದರೆ ತನಗೆ ತಿಳಿದಿದೆ ಎಂಬ ಭ್ರಮೆ ಬಹುಕಾಲ ಉಳಿಯಬಹುದು. ಅಮ್ಮನಿಗಾಗಿ ಬರೆಯತೊಡಗಿದರೆ ಎರಡನೆಯ ಸಾಲಿನಲ್ಲಿಯೇ ಅದು ಹರಿಯುತ್ತದೆ.

ಪರೀಕ್ಷೆಗೆಂದು ಅವಳು ನೂರು ಬಿಲ್ಲುಗಳನ್ನು ಆರಿಸಿಕೊಳ್ಳುತ್ತಾಳೆ. ಗಿರಾಕಿಗಳ ಕಾಗದಗಳನ್ನು ಅನುಮತಿಯಿಲ್ಲದೆ ಹೊರಗಿನ ಯಾವ ಯಂತ್ರಕ್ಕೂ ಉಣಿಸಬಾರದು. ಆದುದರಿಂದ ಮೊದಲು ಮಾಲೀಕರ ಒಪ್ಪಿಗೆ, ಆಮೇಲೆ ಹೆಸರುಗಳನ್ನು ಮರೆಮಾಡುವ ಕೆಲಸ. ಯಂತ್ರ ನೂರನ್ನೂ ಓದುತ್ತದೆ. ಅವಳು ಒಂದೊಂದನ್ನೇ ತಾಳೆ ನೋಡುತ್ತಾಳೆ. ನೂರರಲ್ಲಿ ಒಂದೂ ತಪ್ಪು ಸಿಕ್ಕಲಿಲ್ಲವೆಂದು ಇಟ್ಟುಕೊಳ್ಳೋಣ. ಎದೆ ಧಸಕ್ಕೆನ್ನುತ್ತದೆ. ಯಂತ್ರ ತಪ್ಪೇ ಮಾಡದಿದ್ದರೆ ಇವಳ ಕಣ್ಣು ಯಾರಿಗೆ ಬೇಕು?

ಪಿಯುಸಿ ಗಣಿತ ಇಲ್ಲಿ ನೆರವಿಗೆ ಬರುತ್ತದೆ. ನೂರಕ್ಕೆ ಮೂರು ತಪ್ಪು ಮಾಡುವ ಸ್ವಭಾವದ ಯಂತ್ರವೊಂದಿದೆ ಎನ್ನೋಣ. ಅದು ಒಂದು ಬಿಲ್ಲನ್ನು ಸರಿಯಾಗಿ ಓದುವ ಸಂಭವ 0.97. ಸತತವಾಗಿ ನೂರನ್ನೂ ಸರಿಯಾಗಿ ಓದುವ ಸಂಭವವೆಂದರೆ 0.97ನ್ನು ಅದರಿಂದಲೇ ನೂರು ಸಲದ ಮಟ್ಟಿಗೆ ಗುಣಿಸಿದಷ್ಟು. ಬರುವುದು ಸುಮಾರು 0.05, ಅಂದರೆ ಇಪ್ಪತ್ತರಲ್ಲೊಂದು. ಇಪ್ಪತ್ತು ಕಚೇರಿಗಳು ಇಂಥದೇ ಯಂತ್ರವನ್ನು ಪರೀಕ್ಷಿಸಿದರೆ, ಅವುಗಳಲ್ಲಿ ಒಂದರ ಮೇಜಿನ ಮೇಲೆ ಅದು ನಿಷ್ಕಳಂಕವಾಗಿ ಕಾಣಬಹುದು. ನೂರು ಬಿಲ್ಲುಗಳ ಪರೀಕ್ಷೆ ಯಂತ್ರ ತಪ್ಪುವುದಿಲ್ಲವೆಂದು ಸಾಧಿಸಲಿಲ್ಲ. ತಪ್ಪು ನೂರಕ್ಕೆ ಮೂರನ್ನು ಬಹುಶಃ ಮೀರಲಾರದೆಂದು ಮಾತ್ರ ಹೇಳಿತು. ವರ್ಷಕ್ಕೆ ಹತ್ತು ಸಾವಿರ ಬಿಲ್ಲು ಬರುವ ಕಚೇರಿಯಲ್ಲಿ ನೂರಕ್ಕೆ ಮೂರೆಂದರೆ ಮುನ್ನೂರು ತಪ್ಪುಗಳು, ಒಂದೊಂದಕ್ಕೂ ಒಬ್ಬ ಗಿರಾಕಿ.

ನೂರಕ್ಕೆ ಒಂದರೊಳಗೆ ಇದೆಯೆಂದು ಅಷ್ಟೇ ಭರವಸೆಯಿಂದ ಹೇಳಬೇಕಾದರೆ, ಒಂದೂ ತಪ್ಪಿಲ್ಲದೆ ಮುನ್ನೂರು ಬಿಲ್ಲುಗಳು ಪಾರಾಗಬೇಕು. ಇನ್ನು ಇನ್ನೂರು ಉಳಿದಿವೆ. ಕಳೆದ ವರ್ಷದ ಬಿಲ್ಲುಗಳ ಕಟ್ಟು ಕಚೇರಿಯ ಕಪಾಟಿನಲ್ಲಿ ಇದ್ದೇ ಇದೆ.